ಕಂದು ಚರ್ಮಕ್ಕೆ ಕ್ಯಾನ್ಸರ್ ಬರುವುದಿಲ್ಲವೇ? ಅಂಗಾಲನ್ನೊಮ್ಮೆ ತಿರುಗಿಸಿ ನೋಡಿ

"ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮ್ಮ ಬಣ್ಣದವರಿಗೆ ಬರುವುದಿಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ಅದರ ಬೆನ್ನಿಗೇ ಬರುವ ಇನ್ನೊಂದು ಮಾತು, "ಮಚ್ಚೆಗೆ ಚಾಕು ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ." ಮೊದಲನೆಯದು ಅರ್ಧ ನಿಜ, ಎರಡನೆಯದು ಸುಳ್ಳು. ಎರಡನ್ನೂ ನಂಬಿದವರು ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. ಅಪಾಯ ಇರುವುದು ಅಲ್ಲಿ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹಳಷ್ಟು ತಡೆಯುತ್ತದೆ. ಹಾಗಾಗಿ ಆಸ್ಟ್ರೇಲಿಯಾದ ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿಲ್ಲ. ಆದರೆ ಈ ಕ್ಯಾನ್ಸರ್‌ಗೆ ಬಿಸಿಲೊಂದೇ ಕಾರಣವಲ್ಲ. ಮೆಲನೋಮ ಎಂಬ ಅತ್ಯಂತ ಅಪಾಯಕಾರಿ ಬಗೆ ಕಂದು, ಕಪ್ಪು ಚರ್ಮದವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ಬೀಳದ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ.

ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಆದದ್ದು ಇದೇ. ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗಿನ ಗಾಯವನ್ನು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರು. ಅದು ಮೆಲನೋಮ ಎಂದು 1977ರಲ್ಲಿ ಗೊತ್ತಾಯಿತು. ಬೆರಳು ತೆಗೆಸುವ ಸಲಹೆಯನ್ನು ಅವರು ಒಪ್ಪಲಿಲ್ಲ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ನಮ್ಮಲ್ಲೂ ಅಂಗಾಲಿನ ಕಪ್ಪು ಕಲೆಯನ್ನು ಆಣಿ, ಮುಳ್ಳು ಚುಚ್ಚಿದ್ದು, ಚಪ್ಪಲಿ ಕಚ್ಚಿದ್ದು ಎಂದು ತಿಂಗಳುಗಟ್ಟಲೆ ಬಿಡುವುದುಂಟು. ಬಹುತೇಕ ಸಲ ಅದು ಆಣಿಯೇ ಆಗಿರುತ್ತದೆ ಅನ್ನಿ. ಆದರೆ ಹೊಸದಾಗಿ ಮೂಡಿ, ಅಂಕುಡೊಂಕಾಗಿ ಹರಡುತ್ತಾ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಕಾಣಿಸಿದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಉಗುರಿನ ಕಪ್ಪು ಗೆರೆಯೂ ಹೀಗೆಯೇ. ಹಲವು ಉಗುರುಗಳಲ್ಲಿ ತೆಳ್ಳಗಿನ ಗೆರೆಗಳು ನಮ್ಮ ಬಣ್ಣದವರಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದ ಗೆರೆ ಅಗಲವಾಗುತ್ತಿದ್ದರೆ, ಕಪ್ಪು ಬಣ್ಣ ಉಗುರು ದಾಟಿ ಪಕ್ಕದ ಚರ್ಮಕ್ಕೂ ಇಳಿದಿದ್ದರೆ ಕಾಯಬೇಡಿ.

ಇನ್ನೊಂದು ಜಾಗ ಹಳೆಯ ಸುಟ್ಟ ಗಾಯದ ಕಲೆ. ಒಲೆಯ ಬೆಂಕಿಯೋ ಬಿಸಿ ಎಣ್ಣೆಯೋ ತಾಗಿ ಆದ ಕಲೆಯಲ್ಲಿ ಹತ್ತಾರು ವರ್ಷಗಳ ನಂತರ ಹುಣ್ಣು ಎದ್ದು ವಾಸಿಯಾಗದೆ ಉಳಿದರೆ, ಅದು ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಆಗಿರಬಹುದು. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಮಡಕೆ ಕಾಂಗ್ರಿಯನ್ನು ಉಡುಪಿನೊಳಗೆ ಇಟ್ಟುಕೊಳ್ಳುವವರ ತೊಡೆ, ಹೊಟ್ಟೆಯ ಮೇಲೆ ಬರುವ ಇದೇ ಬಗೆಗೆ 'ಕಾಂಗ್ರಿ ಕ್ಯಾನ್ಸರ್' ಎಂದೇ ಹೆಸರು. ಸೊಂಟದಲ್ಲಿ ಧೋತಿ ಅಥವಾ ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿದ ಜಾಗದಲ್ಲೂ ಅಪರೂಪಕ್ಕೆ ಕಂಡದ್ದಿದೆ. ಎಲ್ಲೇ ಆಗಲಿ, ಒಂದು ತಿಂಗಳಾದರೂ ಮಾಯದ, ಮುಟ್ಟಿದರೆ ರಕ್ತ ಬರುವ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಮುಖದ ಮೇಲೆ ನಿಧಾನವಾಗಿ ಬೆಳೆಯುವ ಹೊಳಪಿನ ಕಪ್ಪು ಗಂಟನ್ನೂ ಮಚ್ಚೆ ಎಂದು ಬಿಡಬೇಡಿ, ಅದು ಬೇಸಲ್ ಸೆಲ್ ಕ್ಯಾನ್ಸರ್ ಇರಬಹುದು.

ತೊನ್ನು ಕ್ಯಾನ್ಸರ್ ಆಗಿ ಬದಲಾಗುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು.

ಬಯಾಪ್ಸಿ ಮಾಡಿಸಿದರೆ ಹರಡುತ್ತದೆಯೇ?

ಇಲ್ಲ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅನುಮಾನದ ಮಚ್ಚೆಯನ್ನು ಸಾಧ್ಯವಾದರೆ ಪೂರ್ತಿಯಾಗಿ, ಇಲ್ಲವೇ ಒಂದು ತುಣುಕು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆ, ಎಷ್ಟು ಆಳ ಎಂಬುದಕ್ಕೆ ಖಚಿತ ಉತ್ತರ ಸಿಗುವುದು ಇದರಿಂದಲೇ. "ಚಾಕು ತಾಗಿಸಿದ ಮೇಲೆ ಹೆಚ್ಚಾಯಿತು" ಎಂಬ ಕತೆಗಳಲ್ಲಿ ಹೆಚ್ಚಿನವು ಬಯಾಪ್ಸಿಗೆ ಬರುವ ಹೊತ್ತಿಗೇ ಕಾಯಿಲೆ ಮುಂದುವರಿದಿದ್ದ ಕತೆಗಳು.

ನಿಜಕ್ಕೂ ಕೆಡುಕು ಮಾಡುವುದು ಮನೆಮದ್ದು. ಮಚ್ಚೆ, ನರಹುಲಿಗೆ ಸುಣ್ಣ ಮತ್ತು ಸೋಡಾ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಸುಡುವುದು, ಕುದುರೆ ಕೂದಲು ಬಿಗಿಯುವುದು. ಮೇಲಿನದು ಉದುರಿಹೋಗುತ್ತದೆ, ಒಳಗಿನದು ಉಳಿಯುತ್ತದೆ. ಪರೀಕ್ಷೆಗೆ ಕಳಿಸಲು ಏನೂ ಇರುವುದಿಲ್ಲ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಶಸ್ತ್ರಚಿಕಿತ್ಸೆಗೆ. ಮೆಲನೋಮದಲ್ಲಿ ಎಲ್ಲವೂ ಅದು ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದರ ಮೇಲೆ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸುತ್ತಲಿನ 1 ಸೆಂ.ಮೀ. ಚರ್ಮದ ಜತೆ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಆಳ ಹೆಚ್ಚಿದ್ದರೆ ಹತ್ತಿರದ ದುಗ್ಧಗ್ರಂಥಿಯನ್ನೂ ಪರೀಕ್ಷಿಸುತ್ತಾರೆ. ಬೇರೆ ಅಂಗಗಳಿಗೆ ಹರಡಿದರೆ ಇಮ್ಯುನೊಥೆರಪಿ ಇದೆ. ಅದಕ್ಕೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಆ ಔಷಧಿ ತುಂಬಾ ದುಬಾರಿ, ಎಲ್ಲರಿಗೂ ಫಲಿಸುವುದೂ ಇಲ್ಲ. ಬೇಸಲ್ ಸೆಲ್ ಬಗೆ ದೂರಕ್ಕೆ ಹರಡುವುದು ತೀರಾ ಅಪರೂಪ.

ನೋಡಿಕೊಳ್ಳುವುದು ಹೇಗೆ? ತಿಂಗಳಿಗೊಮ್ಮೆ ಸ್ನಾನವಾದ ಮೇಲೆ, ಬೆಳಕಿನಲ್ಲಿ, ಅಂಗಾಲು, ಕಾಲ್ಬೆರಳ ಸಂದು, ಉಗುರು, ಹಳೆಯ ಕಲೆಗಳನ್ನು ನೋಡಿ. ನೇಲ್ ಪಾಲಿಶ್, ಮೆಹೆಂದಿ ಇಲ್ಲದ ದಿನ ಒಳ್ಳೆಯದು. ಬಗ್ಗಲಾಗದ ಹಿರಿಯರ ಪಾದವನ್ನು ಮನೆಯವರೇ ನೋಡಬೇಕು. ಅನುಮಾನವಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. 6 ಮಿ.ಮೀ.ಗಿಂತ ದೊಡ್ಡದಾಗಿದ್ದರೆ ಅಥವಾ ಬದಲಾಗುತ್ತಿದ್ದರೆ ಆ ಫೋಟೋವನ್ನು ಗ್ರೂಪ್‌ಗೆ ಹಾಕಿ ಅಭಿಪ್ರಾಯ ಕೇಳುವುದಲ್ಲ, ಕಾಲನ್ನೇ ವೈದ್ಯರಿಗೆ ತೋರಿಸಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮತ್ತು ಬಯಾಪ್ಸಿ ವರದಿ ಜತೆಗಿರಲಿ.