ನಾಲ್ಕು ಬಿರಡೆ, ಒಂದು ನಾಬ್

ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರ ಕೂತು ನೋಡಿದವರಿಗೆ ಗೊತ್ತು, ಅದೇ ಅರ್ಧ ಕಛೇರಿ. ಮೊದಲ ತಂತಿ ಪಂಚಮಕ್ಕೆ. ಪಂಚಮವಿಲ್ಲದ ರಾಗವಾದರೆ ಮಧ್ಯಮಕ್ಕೋ ನಿಷಾದಕ್ಕೋ. ನಡುವಿನವೆರಡು ಷಡ್ಜಕ್ಕೆ, ಕೊನೆಯದು ಮಂದ್ರ ಷಡ್ಜಕ್ಕೆ. ಬಿರಡೆ ತಿರುವಿ ಸ್ವರವನ್ನು ಹತ್ತಿರಕ್ಕೆ ತಂದು, ಮಣಿ ಸರಿಸಿ ಕೂಡಿಸಿ, ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟು ಜರುಗಿಸಿ ನಾದಕ್ಕೆ ಜೀವ ತರಬೇಕು. ಹವೆ ತುಸು ಬದಲಾದರೆ ಮತ್ತೆ ಮೊದಲಿನಿಂದ. ಇಷ್ಟಾದ ಮೇಲೂ ಮೀಟುತ್ತ ಕೂರಲು ಇನ್ನೊಬ್ಬರು ಬೇಕು. ಕೊಳಲು ನುಡಿಸುವವರ ಎರಡು ಕೈಗೂ ಬೇರೆ ಕೆಲಸವಿದೆಯಲ್ಲ!

1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮನೆಮನೆ ಸೇರಿದ್ದಕ್ಕೆ ಕಾರಣ ಅಗ್ಗವೋ ಹಗುರವೋ ಎಂಬುದಕ್ಕಿಂತ, ಅವುಗಳ ಮುಖದ ಮೇಲೆ ಏನಿತ್ತು ಎಂಬುದೇ ನನಗೆ ಮುಖ್ಯವೆನಿಸುತ್ತದೆ. ಶ್ರುತಿ, ವೇಗ, ಧ್ವನಿ. ಮೊದಲ ತಂತಿಗೆ ಪಂಚಮವೋ ಮಧ್ಯಮವೋ ಎಂಬ ಆಯ್ಕೆ. ಕಲಾವಿದರು ತಂಬೂರಿ ಹಿಡಿದಾಗ ನಿರ್ಧರಿಸುವುದೂ ಇಷ್ಟನ್ನೇ. ಒಳಗೆ ಕಂಪನಾಂಕ, ಅಲೆಯ ಆಕಾರ ಏನೇ ಇರಲಿ, ಹಾಡುವವರಿಗೆ ಬೇಕಾದದ್ದು 'ಕಪ್ಪು ಎರಡು' ಅಥವಾ 'ಬಿಳಿ ನಾಲ್ಕು'. ಒಂದು ನಾಬ್ ತಿರುಗಿಸಿದರೆ ನಾಲ್ಕೂ ತಂತಿ ತಮ್ಮೊಳಗಿನ ಅಂತರ ಕೆಡಿಸದೆ ಒಟ್ಟಿಗೆ ಏರುತ್ತವೆ. ನಿಜವಾದ ತಂಬೂರಿಯಲ್ಲಿ ಇದು ಆಗದ ಮಾತು.

ಸಲೀಸಾದ ವಾದ್ಯದ ಬಗ್ಗೆ ಗುಮಾನಿ ನಮ್ಮಲ್ಲಿ ಹಳೆಯದು. ಬೆರಳಿಟ್ಟಲ್ಲಿ ಸ್ವರ ಸಿದ್ಧವಾಗಿರುವ ಹಾರ್ಮೋನಿಯಂ ಅನ್ನು ರೇಡಿಯೋ 1940ರಲ್ಲಿ ಹೊರಗಿಟ್ಟಿತು. ಬಾಗಿಲು ತುಸು ತೆರೆದದ್ದು 1971ರಲ್ಲಿ. ಯಕ್ಷಗಾನ ಅಷ್ಟು ಮಡಿ ಮಾಡಲಿಲ್ಲ. ಶ್ರುತಿಗೆ ಪುಂಗಿ ಇತ್ತು, ಹಾರ್ಮೋನಿಯಂ ಬಂತು, ಈಗ ಭಾಗವತರ ಪಕ್ಕದಲ್ಲಿ ಪೆಟ್ಟಿಗೆ ಕೂತಿದೆ.

ಆದರೂ ಗುಮಾನಿ ಪೂರ್ತಿ ಸುಳ್ಳಲ್ಲ. ಮಣಿ ಸರಿಸುವಾಗ ಎರಡು ತಂತಿಗಳ ನಡುವಿನ ಅಲೆ ನಿಧಾನವಾಗಿ, ಕೊನೆಗೆ ನಿಂತು ಒಂದಾಗುವುದನ್ನು ಕಿವಿ ಕಲಿಯುತ್ತಿತ್ತು. ನಾಬ್ ತಿರುಗಿಸುವ ಮಗುವಿಗೆ ಆ ಪಾಠವಿಲ್ಲ. ಇನ್ನೊಂದು ಕಡೆ, ಮೀಟಲು ಯಾರೂ ಇಲ್ಲದ ಬಾಡಿಗೆ ಕೋಣೆಯಲ್ಲಿ ಬೆಳಗಿನ ಐದಕ್ಕೆ ಒಬ್ಬರೇ ಕೂತು ಸಾಧನೆ ಮಾಡಲು ಆದದ್ದೂ ಇದರಿಂದಲೇ. ಎರಡರಲ್ಲಿ ಯಾವುದು ಹೆಚ್ಚು ಎಂದರೆ ನಾನು ಕೋಣೆಯ ಕಡೆಗೇ ವಾಲುತ್ತೇನೆ.

ಕಛೇರಿಗಳಲ್ಲಿ ಇಂದು ಎರಡೂ ಇರುವುದುಂಟು. ಪರದೆ ಏಳುವ ಮೊದಲು ಪೆಟ್ಟಿಗೆ ಹಚ್ಚಿ, ಅದರ ಷಡ್ಜಕ್ಕೆ ಕಿವಿಗೊಟ್ಟು, ತಂಬೂರಿಯ ಬಿರಡೆ ತಿರುವುತ್ತಾರೆ.