ಸಮೀಕ್ಷೆಗೆ ರಕ್ತ ಕೊಟ್ಟರೆ ಎಚ್‌ಐವಿ ಪರೀಕ್ಷೆ ಆದಂತೆಯೇ?

“ನಶೆಯ ಇಂಜೆಕ್ಷನ್ ತೆಗೆದುಕೊಳ್ಳುವವರ ರಕ್ತವನ್ನು ಕದ್ದು ಪರೀಕ್ಷಿಸಿ, ಹೆಸರಿನ ಪಟ್ಟಿಯನ್ನು ಪೊಲೀಸರಿಗೆ ಕೊಡುತ್ತಾರೆ.” ಕೊಳ್ಳೇಗಾಲ, ಹನೂರು ಅಥವಾ ಯಳಂದೂರಿನ ನಿಮ್ಮ ವಾಟ್ಸಾಪ್ ಗ್ರೂಪಿಗೆ ಇಂಥ ಸಂದೇಶ ಬಂದರೆ ಏನು ಮಾಡುತ್ತೀರಿ? ಫಾರ್ವರ್ಡ್ ಮಾಡುವ ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡೋಣ.

ಸಮೀಕ್ಷೆ ಏಕೆ?

ಸೋಂಕು ಎಲ್ಲಿ, ಯಾರಲ್ಲಿ ಹೆಚ್ಚುತ್ತಿದೆ ಎಂದು ತಿಳಿಯಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) 1998ರಿಂದ ದೇಶದಾದ್ಯಂತ ಸಮೀಕ್ಷೆ ನಡೆಸುತ್ತಿದೆ. ಒಂದೇ ಸಿರಿಂಜನ್ನು ಹಲವರು ಬಳಸಿದರೆ ಎಚ್‌ಐವಿ ಬೇಗ ಹರಡುತ್ತದೆ. ಹಾಗಾಗಿ ಇಂಜೆಕ್ಷನ್ ಮೂಲಕ ಮಾದಕ ವಸ್ತು ತೆಗೆದುಕೊಳ್ಳುವವರೂ ಇದರಲ್ಲಿ ಸೇರಿದ್ದಾರೆ. ರಕ್ತದ ಮಾದರಿ ತೆಗೆದು, ಹೆಸರಿನ ಬದಲು ಸಂಕೇತ ಹಾಕುತ್ತಾರೆ.

ಒಪ್ಪಿಗೆ ಬೇಕೇ?

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರ 5ನೇ ಸೆಕ್ಷನ್ ಪ್ರಕಾರ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. 6ನೇ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಹೆಸರಿಲ್ಲದ ಸಮೀಕ್ಷೆ ಅವುಗಳಲ್ಲಿ ಒಂದು. ಆದರೂ ಸಮೀಕ್ಷೆಯ ಉದ್ದೇಶವನ್ನು ಜನರಿಗೆ ಹೇಳಲೇಬೇಕು. ಇಂಜೆಕ್ಷನ್ ಬಳಸುವವರಿಂದ ರಕ್ತ ಪಡೆಯುವಾಗ ನ್ಯಾಕೊ ಸಮೀಕ್ಷೆಯಲ್ಲಿ ಒಪ್ಪಿಗೆಯನ್ನೂ ಕೇಳುವ ಪದ್ಧತಿ ಇದೆ.

ಒಪ್ಪಿಗೆ ಎಂದರೆ ಬರೀ ಹೆಬ್ಬೆಟ್ಟಲ್ಲ. ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಬೆದರಿಕೆ, ಆಮಿಷ, ಸುಳ್ಳು ಇರಬಾರದು. ನಶೆಯಲ್ಲಿ ಮೈಮರೆತವರು ತಲೆಯಾಡಿಸಿದರೆ ಅದು ಒಪ್ಪಿಗೆಯಾಗದು.

ನಿಜವಾದ ಅಪಾಯ ಯಾವುದು?

ಹೆಸರು ಜೋಡಿಸದ ಸಮೀಕ್ಷೆಯಲ್ಲಿ ರಕ್ತ ಯಾರದೆಂದು ಪ್ರಯೋಗಾಲಯಕ್ಕೆ ಗೊತ್ತಿರುವುದಿಲ್ಲ. ಪೊಲೀಸರಿಗೆ ಕೊಡಲು ಅದರಿಂದ ಪಟ್ಟಿ ತಯಾರಾಗದು, ನಿಮಗೆ ವರದಿಯೂ ಬಾರದು. “ರಕ್ತ ಕೊಟ್ಟೆ, ಯಾರೂ ಏನೂ ಹೇಳಲಿಲ್ಲ, ಅಂದರೆ ನನಗೇನೂ ಇಲ್ಲ” ಎಂದುಕೊಂಡರೆ ಚಿಕಿತ್ಸೆಯ ಸಮಯ ಕೈತಪ್ಪುತ್ತದೆ.

ಏನು ಮಾಡಬೇಕು?

• ನಿಮ್ಮ ಫಲಿತಾಂಶ ತಿಳಿಯಲು ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋಗಿ. ಸಮಾಲೋಚನೆ, ಪರೀಕ್ಷೆ ಉಚಿತ. ಸೋಂಕಿದ್ದರೆ ಎಆರ್‌ಟಿ ಮಾತ್ರೆಯೂ ಉಚಿತ.
• ಸಮೀಕ್ಷೆಯವರು ಬಂದರೆ ಕೇಳಿ: ಏಕೆ ರಕ್ತ? ಹೆಸರು ಬರೆಯುತ್ತೀರಾ? ವರದಿ ಸಿಗುತ್ತದೆಯೇ?
• ಸರ್ಕಾರದ ಮಾರ್ಗಸೂಚಿಯಂತೆ ಶುದ್ಧ ಸೂಜಿ ವಿತರಿಸುವುದು ಅಪರಾಧವಲ್ಲ ಎಂದು ಇದೇ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಹೆದರಿ ಸೇವೆಯಿಂದ ದೂರ ಉಳಿಯಬೇಡಿ.
• ಅನುಮಾನವಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡಲೇಬೇಕೆಂದರೆ, ಆ ಸುಳ್ಳು ಸಂದೇಶದ ಬದಲು ಈ ನಂಬರ್ ಕಳಿಸಿ.