ನಾಮಪದದ ಲಿಂಗವೂ ಸವದತ್ತಿ ಸೀಮೆಯ ಪಾಠಶಾಲೆಗಳೂ

ಸ್ಪೇನಿನ ಭಾಷೆಯಲ್ಲಿ ಮನೆಗೆ 'ಕಾಸಾ' ಎನ್ನುವರು, ಅದು ಸ್ತ್ರೀಲಿಂಗ. ಆದುದರಿಂದ ಅದಕ್ಕೆ ಮೊದಲು ಬರುವ ನಿರ್ದೇಶಕಪದವು 'ಲಾ' ಆಗಬೇಕಲ್ಲದೆ 'ಎಲ್' ಸಲ್ಲದು. ಮನೆಯಲ್ಲಿ ಸ್ತ್ರೀತ್ವವೇನಿದೆಯೆಂದು ಕೇಳಿದರೆ ರೂಢಿಯೇ ಉತ್ತರ. ಸಂಸ್ಕೃತದಲ್ಲಿಯೂ ಹೆಂಡತಿಯೆಂಬ ಒಂದೇ ಅರ್ಥಕ್ಕೆ 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕ, 'ದಾರ' ಪುಲ್ಲಿಂಗ. ಕನ್ನಡವಾದರೋ ಶಬ್ದವನ್ನಲ್ಲ, ಅರ್ಥವನ್ನು ನೋಡಿ ಲಿಂಗವನ್ನು ನಿರ್ಣಯಿಸುತ್ತದೆ.

ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯಲ್ಲಿ ರಟ್ಟರ ಶಾಸನಗಳು 980ರಷ್ಟು ಹಿಂದಿನಿಂದ ದೊರೆಯುತ್ತವೆ. ಕನ್ನಡ ದಾನಶಾಸನಗಳ ಒಂದು ವಾಡಿಕೆಯನ್ನು ಇಲ್ಲಿ ನೆನೆಯಬೇಕು. ಪ್ರಶಸ್ತಿಪದ್ಯದಲ್ಲಿ ಭೂಮಿಯು ವನಿತೆ. ದಾನದ ಗದ್ಯಕ್ಕೆ ಬಂದೊಡನೆ ಮತ್ತರುಗಳಿಂದ ಅಳೆದ ಅದೇ ನೆಲವು ನಪುಂಸಕ. 1260ರ ಸುಮಾರಿನ ಕೇಶಿರಾಜನು ಲಿಂಗಗಳನ್ನು ಒಂಬತ್ತೆಂದು ಎಣಿಸಿದನು. ಸಂಸ್ಕೃತದ ಭಕ್ತಿಯು ಇದರಲ್ಲಿ ಕೊಂಚ ಹೆಚ್ಚೆಂದೇ ನಮ್ಮ ಮತ. ಕ್ರಿಯಾಪದವು ಬಂದಂ, ಬಂದಳ್, ಬಂದುದು ಎಂಬ ಮೂರನ್ನೇ ಬಲ್ಲುದು.

ಮರಾಠರ ಆಳ್ವಿಕೆಯೊಡನೆ ಈ ಸೀಮೆಯ ಕಾಗದಪತ್ರಗಳಿಗೆ ಮರಾಠಿ ಬಂದಿತು. ರಾಮದುರ್ಗದಲ್ಲಿ ಭಾವೆ ಮನೆತನದ ಸಂಸ್ಥಾನವು 1948ರ ವರೆಗೂ ಇದ್ದಿತು. ಹತ್ತೊಂಬತ್ತನೆಯ ಶತಕದ ಪೂರ್ವಾರ್ಧದಲ್ಲಿ ಬೆಳಗಾವಿ ಸೀಮೆಯ ಸರಕಾರಿ ಶಾಲೆಗಳ ಬೋಧನಭಾಷೆಯೂ ಬಹುಮಟ್ಟಿಗೆ ಅದೇ. ಬೈಲಹೊಂಗಲ, ಕಿತ್ತೂರುಗಳ ಒಕ್ಕಲಮಕ್ಕಳ ಮನೆಮಾತಿನಲ್ಲಿ ಮನೆ, ಗೋಡೆ, ವಾಡೆ ಎಲ್ಲವೂ 'ಅದು'. ಮರಾಠಿಯಲ್ಲಿ 'ಘರ' ಶಬ್ದಕ್ಕೆ 'ತೇ', 'ಭಿಂತ' ಶಬ್ದಕ್ಕೆ 'ತೀ', 'ವಾಡಾ' ಶಬ್ದಕ್ಕೆ 'ತೋ'. ಮರಾಠಿಯ ಮಗುವಿಗೆ ಇದು ತಾಯಿಯ ಮಾತಿನೊಡನೆಯೇ ಬರುವ ಜ್ಞಾನ. ಕನ್ನಡದ ಹುಡುಗನಿಗೆ ಒಂದೊಂದು ಶಬ್ದಕ್ಕೂ ಕಂಠಪಾಠ. ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವನ್ನು ನಾಡಾಭಿಮಾನವೆಂದಷ್ಟೇ ವರ್ಣಿಸುವುದುಂಟು. ಆ ಶ್ರಮದಿಂದ ಹುಡುಗರಿಗೆ ಇಳಿದ ಹೊರೆಯಲ್ಲಿ ಈ ವ್ಯಾಕರಣದ ಪಾಲೂ ಸಣ್ಣದಲ್ಲ.